ಬರೀ ನೋಡುವ ಅಧಿಕಾರ

ಈ ಅಂಕಣ ಶುರುವಾದಾಗಿನಿಂದ ಒಂದು ಸಂಗತಿಯನ್ನು ಮುಂದೂಡುತ್ತಲೇ ಬಂದಿದ್ದೇನೆ. ಮೊಣಕಾಲು ನೋವಿನ ಬಗ್ಗೆ ಬರೆದೆ. ಬೆಟಗೇರಿಯ ನಳದ ನೀರಿನ ಬಗ್ಗೆ ಎರಡು ಸಲ ಬರೆದೆ. ಇದನ್ನು ಮಾತ್ರ ಬರೆಯಲಿಲ್ಲ. ಕಳೆದ ವಾರ ಒಂದು ಫೋನು ಬಂತು. ಇನ್ನು ತಪ್ಪಿಸಿಕೊಳ್ಳುವ ಹಾಗಿಲ್ಲ.

ನಾನು ಗದಗಿನ ಬೀಜದ ಕಂಪನಿಯೊಂದರ ಗೋದಾಮಿನಲ್ಲಿ ಸೂಪರ್‌ವೈಸರ್ ಆಗಿದ್ದವನು. ಫೋನು ಮಾಡಿದ್ದು ಅಲ್ಲಿಯ ಹೊಸ ಕ್ಲಾರ್ಕ್ ಹುಡುಗಿ. "ಕಾಕಾರ, ಸಾಫ್ಟ್‌ವೇರ್ ಲೈಸನ್ಸ್ ರಿನ್ಯೂ ಮಾಡಾಕತ್ತೀವ್ರಿ. ನೀವು ರಿಟೈರ್ ಆಗಿ ನಾಕು ವರ್ಷ ಆತು, ಲಿಸ್ಟಿನ್ಯಾಗ ನಿಮ್ಮ ಹೆಸರು ಹಂಗ ಐತ್ರಿ. ಲಾಕ್ ಆಗೈತಿ, ಆದ್ರ ಫುಲ್ ಪವರ್! ತಗೀಲೇನ್ರಿ?"

(ಮನೆಯಲ್ಲಿ ಟಿವಿ ರಿಮೋಟಿನ ಮೇಲೂ ಪವರ್ ಇಲ್ಲದವನು ನಾನು.)

ಆ ಪವರ್ ಜಗಳಾಡಿ ಪಡೆದದ್ದು. ಸಾಫ್ಟ್‌ವೇರ್ ಹಾಕಲು ಬಂದವನು, ಯಾರ ಕೆಲಸ ಎಷ್ಟೋ ಅಷ್ಟೇ ಅಧಿಕಾರ ಕೊಡಬೇಕು ಎಂದ. ಬೀಜದ ಲಾಟ್, ಅಂದರೆ ಒಂದೇ ರಾಶಿಯ ಚೀಲಗಳನ್ನು, ಮಾರಾಟಕ್ಕೆ ಹೋಗದಂತೆ ತಡೆಯುವುದು, ಬಿಡುವುದು ಪರೀಕ್ಷೆ ಮಾಡುವವರ ಕೆಲಸ. ನನಗೆ 'ಬರೀ ನೋಡುವ' ಲೈಸನ್ಸ್ ಸಾಕು ಎಂದ. ನನಗೆ ಸಿಟ್ಟು ನೆತ್ತಿಗೇರಿತು.

"ಮೂವತ್ತು ವರ್ಷ ದುಡದಾಂವ ಬರೇ ನೋಡ್ಕೋತ ಕುಂದ್ರಬೇಕೇನು? ನಾ ಏನು ಸಿನಿಮಾಕ್ಕ ಬಂದೇನೇನು?"

ಮಾಲಕರು ನಕ್ಕು, "ಕೊಟ್ಟಬಿಡ್ರಿ ಮಾರಾಯ್ರ" ಎಂದರು. ಕೊಟ್ಟರು. ವಾರದಲ್ಲೇ ಪಾಸ್‌ವರ್ಡ್ ಮರೆತೆ. ಮೂರು ಸಲ ತಪ್ಪು ಒತ್ತಿದೆ, ಲಾಕ್ ಆಯಿತು. ಹಟ ಮಾಡಿ ಪಡೆದದ್ದನ್ನು ಮರೆತೆ ಎಂದು ಯಾವ ಬಾಯಿಂದ ಹೇಳುವುದು? ಹೇಳಲಿಲ್ಲ. ಲಾಕ್ ಆದ ಪರದೆಯ ಮುಂದೆ ಕನ್ನಡಕ ಏರಿಸಿಕೊಂಡು ತಿಂಗಳುಗಟ್ಟಲೆ ಗಂಭೀರವಾಗಿ ಕೂತೆ.

ಬೀಜ ಪರೀಕ್ಷೆಗೆ ಒಬ್ಬ ಹೆಣ್ಣುಮಗಳಿದ್ದಳು. ದಿನಾ ಶಿರಹಟ್ಟಿಯಿಂದ ಬಸ್ಸಿಗೆ ಬರುವಾಕೆ. ಬೀಜ ಮೊಳೆಯುತ್ತದೋ ಇಲ್ಲವೋ ನೋಡಿ, ಲಾಟ್ ತಡೆಯುವ ಅಥವಾ ಬಿಡುವ ಬಟನ್ ಒತ್ತುವುದು ಅವಳ ಕೆಲಸ. ನಮ್ಮಲ್ಲಿ ಊಟಕ್ಕೆ ಏಳುವಾಗ ಯಾರೂ ಕಂಪ್ಯೂಟರ್ ಲಾಕ್ ಮಾಡುತ್ತಿರಲಿಲ್ಲ. ಮಾಡಿದರೆ, "ನಮ್ಮ ಮ್ಯಾಲ ನಂಬಿಗಿ ಇಲ್ಲೇನವಾ?" ಎಂದು ಚುಚ್ಚುವ ರೂಢಿ. (ಮೊದಲು ಚುಚ್ಚುತ್ತಿದ್ದವನು ನಾನೇ.)

ಮುಂಗಾರು ಬಿತ್ತನೆಯ ದಿನಗಳು. ಅವಳು ರೊಟ್ಟಿ ತಿನ್ನಲು ಹೋದಾಗ ಮುಂಡರಗಿಯ ಅಂಗಡಿಯವರ ಫೋನು. "ಸಾಹೇಬ್ರ, ಹೆಸರುಕಾಳಿನ ಬೀಜ ಜಲ್ದಿ ಕಳಸ್ರಿ. ನೀವು ಮನಸ್ಸು ಮಾಡಿದ್ರ ಆಕೈತಿ."

'ಸಾಹೇಬ್ರ' ಅಂದದ್ದೇ ಸಾಕಾಯಿತು. ನನ್ನ ಪರದೆ ಲಾಕ್, ಅವಳದು ತೆರೆದೇ ಇತ್ತು. ಹೋಗಿ ಅವಳ ಕುರ್ಚಿಯಲ್ಲಿ ಕೂತೆ. ಆ ಲಾಟಿನ ಮುಂದೆ ಕೆಂಪಗೆ 'ತಡೆ' ಎಂದಿತ್ತು. ಮುಂಜಾನೆ ಅವಳೇ ತಡೆದದ್ದು. ಏನೋ ಕಾಗದದ ತಕರಾರಿರಬೇಕು ಅಂದುಕೊಂಡೆ. 'ಬಿಡುಗಡೆ' ಒತ್ತಿದೆ. ಗಾಡಿ ಹೊರಟಿತು.

ನಾಲ್ಕು ದಿನಕ್ಕೆ ಚೀಲಗಳೆಲ್ಲ ವಾಪಸ್ ಬಂದವು. ರೈತನೊಬ್ಬ ಒಂದು ಹಿಡಿ ಬೀಜವನ್ನು ಹಸಿ ಅರಿವೆಯಲ್ಲಿ ಕಟ್ಟಿಟ್ಟು ನೋಡಿದ್ದನಂತೆ. ಅರ್ಧವೂ ಮೊಳೆತಿರಲಿಲ್ಲ. ಪುಣ್ಯಕ್ಕೆ ಯಾರೂ ಬಿತ್ತಿರಲಿಲ್ಲ.

ಮಾಲಕರು ಸಾಫ್ಟ್‌ವೇರಿನ ದಾಖಲೆ ತೆಗೆಸಿದರು. ತಡೆದವಳು ಅವಳು. ಬಿಟ್ಟವಳೂ ಅವಳು.

"ಮುಂಜಾನಿ ತಡದಾಕಿ ಮಧ್ಯಾಹ್ನ ಯಾಕ ಬಿಟ್ಟಿ ತಂಗಿ?"

"ನಾ ಬಿಟ್ಟಿಲ್ರೀ ಸರ. ನಾ ಆಗ ಊಟಕ್ಕ ಹೋಗಿದ್ನಿ."

"ಹಂಗಾರ ಕಂಪ್ಯೂಟರ್ ತಾನ ಒತ್ಕೊಂತೇನು?"

ಅವಳು ನನ್ನ ಕಡೆ ತಿರುಗಿದಳು. "ಕಾಕಾರ, ನೀವು ಅಲ್ಲೇ ಇದ್ರಲ್ಲ. ನೀವರ ಹೇಳ್ರಿ."

ನಾನು ಹೇಳಿದೆ. ಏನು ಹೇಳಿದೆ ಗೊತ್ತೇ?

"ಕುರ್ಚಿ ಬಿಟ್ಟು ಏಳಬೇಕಾದ್ರ ಲಾಕ್ ಮಾಡಬೇಕವಾ."

ಅಂದೇ ಅವಳ ಅಧಿಕಾರ ಇಳಿಸಿದರು. ಯಾವುದಕ್ಕೆ? ನಾನು ಬೇಡವೆಂದು ಜಗಳಾಡಿದ ಅದೇ 'ಬರೀ ನೋಡುವ' ಅಧಿಕಾರಕ್ಕೆ. ತಾನು ಪರೀಕ್ಷಿಸಿದ ಬೀಜವನ್ನು ಬೇರೆಯವರು ತಡೆಯುವುದನ್ನು, ಬಿಡುವುದನ್ನು ನೋಡುತ್ತ ಹದಿನೈದು ದಿನ ಕೂತಳು. ಆಮೇಲೆ ಬರಲಿಲ್ಲ. ನನಗೆ ನಿವೃತ್ತಿಯ ದಿನ ಶಾಲು ಹೊದಿಸಿ 'ಪ್ರಾಮಾಣಿಕರು' ಎಂದರು. ಶಾಲು ಬೆಚ್ಚಗಿದೆ, ಈಗಲೂ ಹೊದೆಯುತ್ತೇನೆ.

ಶಿರಹಟ್ಟಿ ಏನು ದೂರವೇ? ಎರಡು ಸಲ ಅಲ್ಲಿಯ ಮಠಕ್ಕೆ ಹೋಗಿ ಕೈ ಮುಗಿದು ಬಂದೆ. ಅವಳ ಓಣಿಯ ಕಡೆ ತಿರುಗಲಿಲ್ಲ.

"ಕಾಕಾರ, ಕೇಳಾಕತ್ತೈತೇನ್ರಿ?" ಫೋನಿನಲ್ಲಿ ಕ್ಲಾರ್ಕ್ ಹುಡುಗಿ. "ನಿಮ್ಮ ಕೆಳಗ ಇನ್ನೊಂದು ಹೆಸರು ಐತಿ. ಬರೇ ನೋಡೋ ಪರ್ಮಿಶನ್. ಯಾರ್ರಿ ಇವರು? ಇದನ್ನೂ ತಗೀಲೇನು?"

"ನಂದು ತಗಿಯವಾ. ಅದು ಇನ್ನೊಂದು ವಾರ ಇರ್ಲಿ" ಎಂದೆ.

ವಾರ ಮುಗಿಯಿತು. ಮಾಲಕರೇ, ನೀವು ಈ ಪತ್ರಿಕೆ ಓದುತ್ತೀರೆಂದು ಬಲ್ಲೆ. ಆ ಲಾಟ್ ಬಿಟ್ಟವನು ನಾನು. ತಡೆದಿದ್ದವಳು, ಶಿರಹಟ್ಟಿಯ ಫಕೀರವ್ವ.