ಕೊಟ್ಟಿಗೆ ಪಕ್ಕದ ಜಗಲಿ

1936ರಲ್ಲಿ ನನ್ನನ್ನು ಹುಣಸೂರು ತಾಲ್ಲೂಕಿನ ಒಂದು ಸರ್ಕಾರಿ ಡಿಸ್ಪೆನ್ಸರಿಗೆ ಲೇಡಿ ಡಾಕ್ಟರಾಗಿ ನೇಮಿಸಿದರು. ಆ ಹೊತ್ತಿಗೆ ಮೈಸೂರು, ಬೆಂಗಳೂರುಗಳ ದೊಡ್ಡಾಸ್ಪತ್ರೆಗಳಲ್ಲಿ ಸಂಸ್ಥಾನವೇ ಬರ್ತ್ ಕಂಟ್ರೋಲ್ ಕ್ಲಿನಿಕ್ ತೆರೆದಿತ್ತು. ಓದಿದ ನಮಗೆಲ್ಲ ಅದೊಂದು ಹೆಮ್ಮೆ. ಆದರೆ ನನ್ನ ಡಿಸ್ಪೆನ್ಸರಿಗೆ ಆ ಕ್ಲಿನಿಕ್ಕಿನ ಸಾಮಗ್ರಿ ಬರುತ್ತಿರಲಿಲ್ಲ. ಬೇಕಾದವರನ್ನು ಗಂಡನೇ ಮೈಸೂರಿಗೆ ಕರೆದೊಯ್ಯಬೇಕಿತ್ತು.

ಹನಗೋಡಿನ ಕಡೆಯ ಚಿಕ್ಕತಾಯಮ್ಮನಿಗೆ ಐದನೆಯ ಹೆರಿಗೆ ಮಾಡಿಸಿದವಳು ನಾನು. ಆಕೆಗೆ ಮೈಟ್ರಲ್ ಸ್ಟೆನೋಸಿಸ್ ಇತ್ತು. ಹೃದಯದ ಒಂದು ಕವಾಟ ಕಿರಿದಾಗಿ, ರಕ್ತ ಶ್ವಾಸಕೋಶದಲ್ಲೇ ತಡೆದು ನಿಲ್ಲುವ ಕಾಯಿಲೆ. ಹೆರಿಗೆಯಲ್ಲಿ ಕೆಂಪು ನೊರೆ ಕಾರಿ ಹೇಗೋ ಉಳಿದಳು. ಇನ್ನೊಮ್ಮೆ ಬಸುರಾದರೆ ಬದುಕುವುದಿಲ್ಲ, ಮೈಸೂರಿನಲ್ಲಿ ಗರ್ಭ ನಿಲ್ಲದಂತೆ ಒಳಗಿಡುವ ರಬ್ಬರಿನ ಪೆಸರಿ ಕೊಡುತ್ತಾರೆ ಎಂದು ಮನೆಯವರಿಗೆ ಹೇಳಿದೆ. ಗಂಡ ನೆಲ ನೋಡುತ್ತ, "ಅವ್ವ ಎಂಗಂದ್ರೆ ಅಂಗೆ" ಎಂದ. ಅವನ ತಾಯಿ ಕಾಳಮ್ಮ ನಕ್ಕಳು.

"ಏದುಸ್ರು ನನ್ಗೂ ಬತ್ತಿತ್ತು ಕಣವ್ವ. ಒಂಬತ್ತು ಎತ್ತೆ. ನಿಮ್ಗಿನ್ನೂ ಮದ್ವೆನೇ ಆಗಿಲ್ಲ, ನಿಮ್ಗೇನು ಗೊತ್ತು?"

ಸಾಮಗ್ರಿ ಕಳಿಸಿ ಎಂದು ಮೇಲಧಿಕಾರಿಗಳನ್ನು ಕೇಳಿದೆ. ಗಂಡನೊಡನೆ ಮೈಸೂರಿಗೆ ಬರಲಿ ಎಂದರು.

ಮೂರು ತಿಂಗಳಾದ ಮೇಲೆ ಚಿಕ್ಕತಾಯಮ್ಮ ಕೂಸಿಗೆ ಕೆಮ್ಮೆಂಬ ನೆಪದಲ್ಲಿ ಒಬ್ಬಳೇ ಬಂದಳು. ಕೂಸಿಗೆ ಕೆಮ್ಮಿರಲಿಲ್ಲ.

"ನನ್ಗೆ ಮುಟ್ಟು ನಿಲ್ತಿಲ್ಲ, ನಿಲ್ಲೋದೂ ಇಲ್ಲ ಅಂತ ಅತ್ತೇರ್ಗೆ ಯೋಳ್ಬುಡಿ" ಎಂದಳು.

ಆ ಮನೆಯಲ್ಲಿ ಮುಟ್ಟಾದವಳು ಕೊಟ್ಟಿಗೆ ಪಕ್ಕದ ಜಗಲಿಯಲ್ಲಿ ಮಲಗಬೇಕು. ಯಾರೂ ಮುಟ್ಟುವಂತಿಲ್ಲ, ಗಂಡನೂ ಕೂಡ. ಹಾಗೆ ಎಷ್ಟು ದಿನ ಎಂದೆ. ಜೀವ ಇರುವಷ್ಟು ದಿನ ಎಂದಳು. ಮಕ್ಕಳು? ಮೈಮೇಲಿನ ಬಟ್ಟೆ ಬಿಚ್ಚಿ ಕೈಗೆ ಕೊಟ್ಟರೆ ಮೊಲೆಗೂಸಿಗೆ ಮೈಲಿಗೆ ಇಲ್ಲವಂತೆ. ಉಳಿದ ನಾಲ್ವರ ಮಾತು ಅವಳು ಎತ್ತಲಿಲ್ಲ.

"ಎದೆ ಕಾಯಿಲೇನ ನಂಬ್ದೋರು ಇದನ್ನ ನಂಬ್ತಾರೆ ಕಣ್ರವ್ವ."

ನಂಬಿದರು. ವಿಚಾರಿಸಲು ಬಂದ ಕಾಳಮ್ಮನಿಗೆ ಆ ಸುಳ್ಳನ್ನು ನಾನೇ ಹೇಳಿದೆ. ಅಷ್ಟು ದಿನ ಒಂದೊಂದಕ್ಕೂ ಎದುರು ಮಾತಾಡಿದವಳು, "ಅಂಗಾದ್ರೆ ಒಳೀಕೆ ಬರಂಗಿಲ್ಲ ಬುಡಿ, ಒಲೆ ಐತೆ, ದೇವ್ರೈತೆ" ಎಂದು ಎದ್ದು ಹೋದಳು.

ಎರಡು ವರ್ಷದ ನಂತರ, ಬೇರೊಂದು ಹೆರಿಗೆಗೆ ಆ ಊರಿಗೆ ಹೋದಾಗ ಅವಳನ್ನು ನೋಡಿದೆ. ಜಗಲಿಯ ಮೇಲೆ ಗೋಣಿತಾಟು, ಒಂದು ತಟ್ಟೆ, ಚೊಂಬು. ಮಾರು ದೂರದಲ್ಲಿ ಅವಳ ಮಗಳು ತಾನೇ ಜಡೆ ಹಾಕಿಕೊಳ್ಳುತ್ತಿದ್ದಳು. ತಾಯಿ ಕೂತಲ್ಲಿಂದಲೇ, "ಎಡಗಡೆ ಎಳೆ ಜಗ್ಗು, ಬಿಗಿ ಸಾಲ್ದು" ಎಂದು ಹೇಳಿಕೊಡುತ್ತಿದ್ದಳು. ಅವಳ ಬೆರಳುಗಳು ಮಡಿಲಲ್ಲೇ ಹೆಣೆಯುತ್ತಿದ್ದವು. ನಾಡಿ ನೋಡಿದೆ. ಬದುಕಿದ್ದಳು, ಮತ್ತೆ ಬಸುರಾಗಿರಲಿಲ್ಲ.

ನನಗೆ ವರ್ಗವಾಗಿದೆ ಎಂದಾಗ ಮಾತ್ರ ಅವಳ ಮುಖ ಬದಲಾಯಿತು.

"ಬರೋ ಡಾಕ್ಟ್ರಮ್ಮಂಗೂ ಇಂಗೇ ಯೋಳಿ ಓಗಿ."

ಹೇಳಿ ಬಂದೆ.

ಈಗ ನಾನಿರುವ ಆಸ್ಪತ್ರೆಯ ಕಪಾಟಿನಲ್ಲಿ ಪೆಸರಿಗಳಿವೆ. ಅಳತೆ ನೋಡುವ ಮೊದಲು ಪ್ರತಿ ಹೆಂಗಸನ್ನೂ ಎರಡು ಮಾತು ಕೇಳುತ್ತೇನೆ: ನಿಮ್ಮನ್ನು ಕರೆತಂದವರು ಯಾರು, ರಾತ್ರಿ ಎಲ್ಲಿ ಮಲಗುತ್ತೀರಿ. ಕಾಲೇಜಿನಲ್ಲಿ ಈ ಪ್ರಶ್ನೆಗಳನ್ನು ಯಾರೂ ಕಲಿಸಿರಲಿಲ್ಲ. ಬಾಗಿಲಾಚೆ ಒಬ್ಬ ಅತ್ತೆ ಕಾದಿರುತ್ತಾಳೆ ಎಂದು, ನಾನು ಅವನ್ನು ದನಿ ತಗ್ಗಿಸಿಯೇ ಕೇಳುತ್ತೇನೆ.