ಮಾಣಿ ದಾಟಿದ ಮೇಲೆ ಕಂಡ ಬೆನ್ನು

ಮೊದಲೇ ಹೇಳಿಬಿಡುತ್ತೇನೆ, ದೆವ್ವ ಪಿಶಾಚಿ ಅಂದರೆ ನಾನು ನಗುವವಳು. ಹೆಗ್ಗನಹಳ್ಳಿಯಲ್ಲಿ ನಾನು ಬೆಳೆದ ಬೀದಿಯ ಕೊನೆಗೆ ಒಂದು ಹುಣಸೆಮರ ಇತ್ತು. ಅಮಾವಾಸ್ಯೆ ದಿನ ಅದರ ಕೆಳಗೆ ಯಾರೂ ಓಡಾಡುತ್ತಿರಲಿಲ್ಲ, ನಾನು ಬೇಕೆಂದೇ ಹೋಗಿ ಕಾಯಿ ಕಿತ್ತು ತಿನ್ನುತ್ತಿದ್ದೆ. ಆಮೇಲೆ ಮರ ಕಡಿದು ನಾಲ್ಕು ಅಂತಸ್ತು ಎಬ್ಬಿಸಿದರು. ದೆವ್ವ ಬಾಡಿಗೆ ಕೊಡಲಾಗದೆ ಜಾಗ ಖಾಲಿ ಮಾಡಿರಬೇಕು ಅಂತ ತಮಾಷೆ ಮಾಡಿದವಳೂ ನಾನೇ. ಈಗ ಬರೆಯುತ್ತಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ ಅವರನ್ನೂ ಹೀಗೇ ಆಡಿಕೊಳ್ಳುತ್ತಿದ್ದೆ. ನೀವೂ ಆಡಿಕೊಳ್ಳಬಹುದು, ಬೇಜಾರಿಲ್ಲ.

ಆರ್‌ಪಿಸಿ ಲೇಔಟಿನಲ್ಲಿ ನನ್ನದೊಂದು ಬ್ಲೌಸ್ ಹೊಲಿಯುವ ಅಂಗಡಿ ಇದೆ. ನಲವತ್ತು ದಾಟಿದ ಮೇಲೆ ಮದುವೆಯಾದೆ. ನಮ್ಮವರಿಗೆ ಅದು ಎರಡನೇ ಮದುವೆ. ಮೊದಲ ಹೆಂಡತಿ ಉಷಾ ಡೆಂಗಿ ಜ್ವರದಲ್ಲಿ ತೀರಿಕೊಂಡು ಎರಡು ವರ್ಷವಾಗಿತ್ತು. ವಿಜಯನಗರದ ನಮ್ಮ ಮನೆಯ ಹಾಲಿನಲ್ಲಿ ಅವಳ ಫೋಟೋ ಇದೆ, ಬಾಲ್ಕನಿಯ ಗೋಡೆಗೆ ಅವಳ ಸೈಕಲ್ ನೇತುಹಾಕಿದೆ. ಆಯುಧಪೂಜೆಗೆ ಆ ಸೈಕಲ್ಲಿಗೆ ಅರಿಶಿನ ಕುಂಕುಮ ಇಡುವವಳು ನಾನು.

ಉಷಾ ಮತ್ತು ನಮ್ಮವರು ಸೇರಿ ಕಟ್ಟಿದ ಸೈಕಲ್ ಕ್ಲಬ್ಬೊಂದು ನಮ್ಮ ಏರಿಯಾದಲ್ಲಿದೆ. ಭಾನುವಾರ ಬೆಳಿಗ್ಗೆ ಹೊರಟು ಕೆಂಗೇರಿ ದಾಟಿ ಬಿಡದಿಗೆ ಹೋಗಿ ತಟ್ಟೆ ಇಡ್ಲಿ ತಿಂದು ಬರುವ ಜನ. ಅವರ ಬಾಯಲ್ಲಿ ಉಷಾ ಸತ್ತೇ ಇರಲಿಲ್ಲ. ಏರು ಬಂದರೆ ಉಷಕ್ಕ ಇದನ್ನ ಹಾಡು ಹೇಳ್ಕೊಂಡು ಹತ್ತುತ್ತಿದ್ರು, ಟೀ ಬಂದರೆ ಉಷಕ್ಕನಿಗೆ ಸಕ್ಕರೆ ಜಾಸ್ತಿ ಬೇಕಿತ್ತು. ಅವಳು ಎಲ್ಲರಿಗೂ ಉಷಕ್ಕ, ಅವಳ ವಾರಿಗೆಯವಳೇ ಆದ ನಾನು ಎಲ್ಲರಿಗೂ ಆಂಟಿ. ಬದುಕಿರುವ ಹೆಂಗಸಿನ ಮೇಲೆ ಹೊಟ್ಟೆಕಿಚ್ಚು ಪಟ್ಟರೆ ಒಂದು ದಿನ ಅವಳೂ ತಪ್ಪು ಮಾಡಿ ಸಿಕ್ಕಿಬೀಳುತ್ತಾಳೆ ಅನ್ನುವ ಆಸೆಯಾದರೂ ಇರುತ್ತದೆ. ಸತ್ತವಳಿಗೆ ವಯಸ್ಸಾಗುವುದಿಲ್ಲ, ಅವಳ ಸಾರಿಗೆ ಉಪ್ಪು ಜಾಸ್ತಿಯಾಗುವುದಿಲ್ಲ. ಅಂಥವಳ ಜೊತೆ ಒಂದೇ ಮನೆಯಲ್ಲಿ ಬಾಳುವೆ ಮಾಡಿದವರಿಗೆ ನಾನು ಹೇಳುತ್ತಿರುವುದು ಅರ್ಥವಾಗುತ್ತದೆ.

ವರ್ಷಕ್ಕೊಮ್ಮೆ ಕ್ಲಬ್ಬಿನವರು ಸಮುದ್ರಕ್ಕೆ ಹೋಗುತ್ತಾರೆ. ಶನಿವಾರ ಸೈಕಲ್‌ಗಳನ್ನು ಟೆಂಪೋಗೆ ಏರಿಸಿ, ಬಸ್ಸಿನಲ್ಲಿ ಸಕಲೇಶಪುರ ಸೇರಿ, ಭಾನುವಾರ ಬೆಳಕು ಹರಿಯುವಾಗ ತುಳಿಯಲು ಶುರು ಮಾಡಿದರೆ ಸಂಜೆಗೆ ಮಂಗಳೂರು. ಪಣಂಬೂರಿನ ಮರಳಲ್ಲಿ ಸೈಕಲ್ ತಳ್ಳಿಕೊಂಡು ಹೋಗಿ ಮುಂದಿನ ಚಕ್ರವನ್ನು ನೀರಿಗೆ ಮುಟ್ಟಿಸಬೇಕು. ಈ ಪದ್ಧತಿ ಶುರು ಮಾಡಿದವಳೂ ಉಷಾನೇ, ಬೇರೆ ಯಾರು? ಆಗದವರು ಹಿಂದೆ ಬರುವ ಟೆಂಪೋ ಹತ್ತಬಹುದು. ಉಷಕ್ಕ ಒಂದು ಸಲವೂ ಟೆಂಪೋ ಹತ್ತಲಿಲ್ಲ ಅನ್ನುವುದನ್ನು ನಾನು ಎಷ್ಟು ಜನರ ಬಾಯಲ್ಲಿ ಕೇಳಿದ್ದೆನೋ.

ಹಾಗಾಗಿ ನಾನೂ ಸೈಕಲ್ ಕಲಿತೆ. ಅಂಗಡಿ ತೆರೆಯುವ ಮೊದಲು ದಿನಾ ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ದಾಟಿ ತಾವರೆಕೆರೆವರೆಗೂ ತುಳಿದು ಬರುತ್ತಿದ್ದೆ. ಮಂಡಿ ನೋವಿಗೆ ಎಣ್ಣೆ ಹಚ್ಚಿಕೊಳ್ಳುವಾಗ ನಮ್ಮವರು, "ಯಾಕೆ ಇಷ್ಟು ಹಠ ಕಣೇ ನಿಂಗೆ? ಯಾರು ಬಲವಂತ ಮಾಡಿದಾರೆ?" ಅನ್ನುತ್ತಿದ್ದರು. ಯಾರು ಅಂತ ಹೇಳಲಿ? ಹಾಲಿನ ಗೋಡೆಯ ಕಡೆ ಬೆರಳು ತೋರಿಸಲಾಗುತ್ತದೆಯೇ? ಟೆಂಪೋ ಹತ್ತದೆ ಸಮುದ್ರ ಮುಟ್ಟಿಬಿಟ್ಟರೆ ಆ ಮನೆಯಲ್ಲಿ ನನಗೂ ಒಂದು ಜಾಗ ಸಿಗುತ್ತದೆ ಅಂತ ನಂಬಿದ್ದೆ. ಅಷ್ಟೇ ನನಗೆ ಬೇಕಿದ್ದದ್ದು.

ಆ ಭಾನುವಾರ ಘಾಟಿ ಇಳಿಯುವವರೆಗೂ ನಮ್ಮವರು ನನ್ನ ಜೊತೆಯಲ್ಲೇ ಇದ್ದರು. ಉಪ್ಪಿನಂಗಡಿಯಲ್ಲಿ ಊಟಕ್ಕೆ ಕೂತೆವು. ಕುಚಲಕ್ಕಿ ಅನ್ನ ಬಡಿಸುತ್ತಿದ್ದಂತೆ ಯಾರೋ, "ಉಷಕ್ಕ ಇಲ್ಲಿ ಎರಡು ಊಟ ಹೊಡೀತಿದ್ರು, ನೆನಪಿದ್ಯಾ ಸಾರ್?" ಅಂದರು. ನಮ್ಮವರು ನಕ್ಕರು. ನಾಲ್ಕು ವರ್ಷದಲ್ಲಿ ನಾನು ಮನೆಯಲ್ಲಿ ಒಮ್ಮೆಯೂ ಕೇಳದ ನಗು ಅದು. ಅನ್ನ ಮುಟ್ಟದೆ ಎಲೆ ಮಡಚಿ ಎದ್ದೆ. "ನೀವು ಮುಂದೆ ಹೋಗಿ. ನನಗೆ ಯಾರೂ ಕಾಯೋದು ಬೇಡ," ಅಂದೆ. ಅವರು ಎರಡು ಸಲ ಕರೆದರು, ನಾನು ಮುಖ ಕೊಡಲಿಲ್ಲ, ಹೋದರು. ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬಂದೀತೆ ಅನ್ನುತ್ತಾರಲ್ಲ, ಆ ಊಟವೂ ಹಾಗೇ ಹೋಯಿತು.

ನನ್ನ ಹಿಂದೆ ಉಳಿದವರು ಶಿವಣ್ಣನವರು ಒಬ್ಬರೇ. ಕ್ಲಬ್ಬಿಗೆ ಹಳಬರು, ಉಷಾಳನ್ನು ಮೊದಲಿನಿಂದ ಬಲ್ಲವರು. ಎಲ್ಲರಿಗಿಂತ ಹಿಂದೆ ಇದ್ದು ಯಾರೂ ದಾರಿಯಲ್ಲಿ ಉಳಿಯದಂತೆ ನೋಡಿಕೊಳ್ಳುವುದು ಅವರ ಕೆಲಸ. ಅವರ ಹಿಂದೆ ಟೆಂಪೋ.

ಮಧ್ಯಾಹ್ನದ ಮೇಲೆ ಆ ರಸ್ತೆಯಲ್ಲಿ ಕಡಲಿನ ಕಡೆಯಿಂದ ಎದುರುಗಾಳಿ ಬೀಸುತ್ತದೆ. ಮಾಣಿ ದಾಟುವಷ್ಟರಲ್ಲಿ ನನ್ನ ಕಾಲಲ್ಲಿ ಏನೂ ಉಳಿದಿರಲಿಲ್ಲ. ತುಳಿದಷ್ಟೂ ಗಾಳಿ ವಾಪಸ್ ನೂಕುತ್ತಿತ್ತು. ರಸ್ತೆ ಅಗಲ ಮಾಡುವ ಕೆಲಸದ ಕೆಂಪು ಧೂಳು ಬಾಯಿ ತುಂಬಿತ್ತು, ಕಣ್ಣು ಕತ್ತಲಿಡುತ್ತಿತ್ತು. ಇನ್ನು ಟೆಂಪೋಗೆ ಕೈ ಮಾಡುವುದೇ ಸರಿ ಅಂದುಕೊಂಡೆ. ಅಳುವೂ ಬಂತು.

ಆಗ ಗಾಳಿ ನಿಂತಿತು. ಯಾರೋ ಬಾಗಿಲು ಹಾಕಿದ ಹಾಗೆ. ತಲೆ ಎತ್ತಿದರೆ ನನ್ನ ಮುಂದೆ, ಒಂದು ಮೊಳದ ಅಂತರದಲ್ಲಿ, ಒಬ್ಬಳು ಹೆಂಗಸು ಸೈಕಲ್ ತುಳಿಯುತ್ತಿದ್ದಳು. ಮುಂದಿನವರ ಚಕ್ರಕ್ಕೆ ಹತ್ತಿರ ಅಂಟಿಕೊಂಡು ಹೋದರೆ ಅವರ ಮರೆಯಲ್ಲಿ ಗಾಳಿ ತಾಗುವುದಿಲ್ಲ, ಇದು ಸೈಕಲ್ ಹೊಡೆಯುವವರಿಗೆಲ್ಲ ಗೊತ್ತಿರುವುದೇ. ಮಂಗಳೂರಿನ ಯಾವುದೋ ಕ್ಲಬ್ಬಿನವಳು ಅಂದುಕೊಂಡೆ. ಮಾಸಿದ ನೀಲಿ ಜೆರ್ಸಿ, ಜಡೆಯನ್ನು ಅದರೊಳಕ್ಕೆ ಸೇರಿಸಿದ್ದಳು. ಭಯ ಏನೂ ಆಗಲಿಲ್ಲ. ನಿಜ ಹೇಳಬೇಕೆಂದರೆ ಅವಳ ಮೇಲೂ ಹೊಟ್ಟೆ ಉರಿಯಿತು. ನಾನು ಸಾಯುತ್ತಿದ್ದೇನೆ, ಇವಳು ತರಕಾರಿ ತರಲು ಹೊರಟವಳ ಹಾಗೆ ಸಲೀಸಾಗಿ ತುಳಿಯುತ್ತಿದ್ದಾಳೆ.

ಬೆನ್ನು ನೋಡಿದರೆ ಅಳತೆ ಹೇಳುವುದು ನನ್ನ ಕಸುಬು. ಆ ಬೆನ್ನಿನಲ್ಲಿ ಎಡಭುಜ ಬಲಕ್ಕಿಂತ ಒಂದು ಬೆರಳು ತಗ್ಗಿತ್ತು. ಇಂಥವರಿಗೆ ಬ್ಲೌಸ್ ಕತ್ತರಿಸುವಾಗ ಎಡಗಡೆ ಇಳಿಸಬೇಕು, ಇಲ್ಲದಿದ್ದರೆ ಜಾರುತ್ತದೆ. ಆ ಸ್ಥಿತಿಯಲ್ಲೂ ಇದನ್ನು ಗಮನಿಸಿದೆ.

ಸ್ವಲ್ಪ ದೂರ ಹೋದ ಮೇಲೆ ಅವಳು ಎಡಗೈ ಹಿಂದೆ ತಂದು, ಜೆರ್ಸಿಯ ಬೆನ್ನಿನ ಜೇಬನ್ನು ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದಳು. ನನಗೆ ಅರ್ಥವಾಗಲಿಲ್ಲ. ಮತ್ತೆ ತಟ್ಟಿದಳು. ಮೂರನೇ ಸಲ ತಟ್ಟಿದ ರೀತಿ, ಹೇಳಿದ ಮಾತು ಕೇಳದ ಮಗುವಿಗೆ ಗದರಿದಂತಿತ್ತು. ನನ್ನ ಬೆನ್ನಿನ ಜೇಬಿಗೆ ಕೈ ಹಾಕಿದೆ. ಬೆಳಿಗ್ಗೆ ಎಲ್ಲರಿಗೂ ಹಂಚಿದ್ದ ಕಡಲೆಮಿಠಾಯಿ ಅಲ್ಲೇ ಇತ್ತು, ಮರೆತೇಬಿಟ್ಟಿದ್ದೆ. ತಿಂದೆ. ನೀರು ಕುಡಿದೆ. ಕಾಲಿಗೆ ಜೀವ ಬಂತು. ಅಲ್ಲಿಂದ ಬಿ.ಸಿ. ರೋಡ್ ದಾಟಿ ನಂತೂರಿನವರೆಗೂ ಆ ಬೆನ್ನು ಬಿಡದೆ ತುಳಿದೆ. ನಂತೂರು ವೃತ್ತದಲ್ಲಿ ಬಸ್ಸುಗಳ ನಡುವೆ ನಾನು ಕಾಲೂರಿ ನಿಂತೆ, ಅವಳು ನುಗ್ಗಿ ಹೋದಳು. ಒಂದು ಥ್ಯಾಂಕ್ಸ್ ಕೂಡ ಹೇಳಲಾಗಲಿಲ್ಲ.

ಪಣಂಬೂರಿನಲ್ಲಿ ಬೆಳಕಿರುವಾಗಲೇ ಚಕ್ರ ನೀರಿಗೆ ಮುಟ್ಟಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು, ನಮ್ಮವರು ಓಡಿಬಂದು ಕೈ ಹಿಡಿದರು. ಕೋಪವೆಲ್ಲ ಇಳಿದಿತ್ತು. "ಯಾರೋ ಪುಣ್ಯಾತ್ಗಿತ್ತಿ ಮಾಣಿಯಿಂದ ನನ್ನ ಎಳ್ಕೊಂಡು ಬಂದ್ಲು," ಅಂದೆ.

ಶಿವಣ್ಣ ಇನ್ನೂ ಏದುಸಿರು ಬಿಡುತ್ತಿದ್ದರು. "ಯಾರಮ್ಮಾ? ನಿನ್ನ ಮುಂದೆ ಯಾರೂ ಇರ್ಲಿಲ್ವಲ್ಲ. ನಿನ್ನ ಹಿಂದೇನೇ ಇದ್ದೆ ನಾನು. ಆ ಗಾಳೀಲಿ ನೀನು ಒಬ್ಳೇ ಹೋದ ಸ್ಪೀಡು ನೋಡಿ, ಹಿಡಿಯೋಕಾಗ್ದೆ ಸಾಕಾಯ್ತು."

"ಇದ್ಲು ಸಾರ್, ನೀಲಿ ಜೆರ್ಸಿ. ತಿನ್ನು ಅಂತ ಹೀಗೆ ತೋರಿಸಿದ್ಲು," ಅಂದು ಎಡಗೈ ಹಿಂದೆ ತಂದು ಗೆಣ್ಣಿನಿಂದ ನನ್ನ ಜೇಬು ತಟ್ಟಿ ತೋರಿಸಿದೆ.

ಶಿವಣ್ಣ ನನ್ನನ್ನು ಬಿಟ್ಟು ನಮ್ಮವರ ಮುಖ ನೋಡಿದರು. "ಉಷಾನೇ ಹಂಗೆ ತಟ್ತಾ ಇದ್ದಿದ್ದು," ಅಂದರು ಮೆಲ್ಲಗೆ. "ನಮ್ಮ ಕ್ಲಬ್ಬಿನ ಮೊದಲನೇ ಜೆರ್ಸಿ ನೀಲಿ ಕಣಮ್ಮಾ." ನಮ್ಮವರು ನೀರಿನ ಕಡೆ ತಿರುಗಿ ನಿಂತರು.

ವಾಪಸ್ ಬರುವಾಗ ಬಸ್ಸು ಹಾಸನ ದಾಟಿತು. ಆಮೇಲೆ ನಮ್ಮವರು ಕೇಳಿದರು, "ತಿರುಗಿ ನೋಡಿದ್ಲಾ?"

"ಇಲ್ಲ."

"ಏನಾದ್ರೂ ಹೇಳಿದ್ಲಾ?"

"ಇಲ್ಲ ಅಂದ್ನಲ್ಲ ರೀ."

ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು, "ಇಷ್ಟು ವರ್ಷ ನಾನು ಆ ದಾರೀಲಿ ಹೋಗ್ತಾ ಇದೀನಿ. ನಿಂಗ್ಯಾಕೆ ಕಾಣಿಸ್ಕೊಂಡ್ಲು?" ಅಂದರು. ಆ ದನಿ ನನಗೆ ಹೊಸದಾಗಿರಲಿಲ್ಲ. ನಾಲ್ಕು ವರ್ಷ ನಾನು ಅದರಲ್ಲೇ ಬೆಂದಿದ್ದೆ. ಈಗ ಹೊಟ್ಟೆಕಿಚ್ಚು ಅವರದಾಗಿತ್ತು, ಅದೂ ನನ್ನ ಮೇಲೆ.

ನೀವು ಕೇಳುವುದನ್ನೆಲ್ಲ ನಾನೇ ಕೇಳಿಕೊಂಡಿದ್ದೇನೆ. ಹಸಿವು, ಬಿಸಿಲು, ತಲೆ ತುಂಬಾ ಅವಳೇ ಇದ್ದದ್ದು. ಜೇಬು ತಟ್ಟುವ ವಿಷಯ ಕ್ಲಬ್ಬಿನ ಹರಟೆಯಲ್ಲಿ ಎಂದೋ ಕಿವಿಗೆ ಬಿದ್ದಿರಬಹುದು, ಹಳೇ ಫೋಟೋದಲ್ಲಿ ನೀಲಿ ಜೆರ್ಸಿ ಕಂಡಿರಬಹುದು. ಸರಿ, ಒಪ್ಪೋಣ. ಆದರೆ ಗಾಳಿ? ಭ್ರಮೆಗೆ ಗಾಳಿ ತಡೆಯಲು ಬರುತ್ತದೆಯೇ?

ಇನ್ನೊಂದಿದೆ, ಅದನ್ನು ಯಾರಿಗೂ ಹೇಳಿಲ್ಲ. ಮಾರನೇ ದಿನ ನಮ್ಮವರು ಕೆಲಸಕ್ಕೆ ಹೋದ ಮೇಲೆ ಅಟ್ಟದ ಮೇಲಿನ ಟ್ರಂಕ್ ಇಳಿಸಿದೆ. ಉಷಾಳ ಸೀರೆ ಬ್ಲೌಸುಗಳನ್ನು ಅವರು ಅದರಲ್ಲಿ ಇಟ್ಟಿದ್ದರು, ನಾನು ಅದುವರೆಗೂ ಮುಟ್ಟಿರಲಿಲ್ಲ. ಒಂದು ಬ್ಲೌಸ್ ತೆಗೆದು ಮೇಜಿನ ಮೇಲೆ ಹರಡಿ ಟೇಪ್ ಹಿಡಿದೆ. ಎಡಭುಜ ಒಂದು ಬೆರಳು ಇಳಿಸಿ ಕತ್ತರಿಸಿದ್ದರು. ಇನ್ನೊಂದು ತೆಗೆದೆ, ಅದೂ ಹಾಗೇ. ಮಡಚಿ, ಇದ್ದ ಹಾಗೇ ಇಟ್ಟುಬಿಟ್ಟೆ. ಅವಳದ್ದೆಲ್ಲ ಅವರಿಗೆ ಗೊತ್ತಿತ್ತು, ಇದೊಂದು ನನಗೆ ಮಾತ್ರ ಗೊತ್ತಿರಲಿ ಅನ್ನಿಸಿತು.

ಆಮೇಲೆ ಕ್ಲಬ್ಬಿನಲ್ಲಿ ನನ್ನನ್ನೂ ಅಕ್ಕ ಅನ್ನತೊಡಗಿದರು. ಶಿವಣ್ಣ ಮಾಡುತ್ತಿದ್ದ ಕೊನೆಯ ಸವಾರನ ಕೆಲಸವನ್ನು ನಮ್ಮವರು ಕೇಳಿ ವಹಿಸಿಕೊಂಡಿದ್ದಾರೆ. ಪ್ರತಿ ವರ್ಷ ಉಪ್ಪಿನಂಗಡಿಯಲ್ಲಿ ಅವರು ಊಟ ಮಾಡುವುದಿಲ್ಲ, ಹೊಟ್ಟೆ ಸರಿಯಿಲ್ಲ ಅನ್ನುತ್ತಾರೆ. ಮಾಣಿ ಬರುತ್ತಿದ್ದಂತೆ ಎಲ್ಲರನ್ನೂ ಮುಂದೆ ಕಳಿಸಿ, ಟೆಂಪೋವನ್ನೂ ಮುಂದೆ ಕಳಿಸಿ, ಒಬ್ಬರೇ ಹಿಂದೆ ಉಳಿಯುತ್ತಾರೆ. ಯಾಕೆ ಅಂತ ನಾನು ಕೇಳುವುದಿಲ್ಲ.

ನಾನು ನಂತೂರಿನ ಹತ್ತಿರ ಒಂದು ಮರದ ನೆರಳಲ್ಲಿ ಕಡಲೆಮಿಠಾಯಿ ಹಿಡಿದುಕೊಂಡು ಕಾಯುತ್ತೇನೆ. ಬಹಳ ಹೊತ್ತಿನ ಮೇಲೆ ದೂರದಲ್ಲಿ ಅವರು ಕಾಣಿಸುತ್ತಾರೆ, ಗಾಳಿಗೆ ತಲೆ ತಗ್ಗಿಸಿಕೊಂಡು, ಸುಸ್ತಾಗಿ. ಪಾಪ ಅನ್ನಿಸುತ್ತದೆ. ಆದರೂ ಎಲ್ಲಕ್ಕಿಂತ ಮೊದಲು ನಾನು ನೋಡುವುದು ಅವರ ಸೈಕಲ್ಲಿನ ಮುಂದೆ ಇರುವ ರಸ್ತೆಯನ್ನು. ಅಲ್ಲಿ ಯಾರೂ ಇಲ್ಲ ಅಂತ ಖಾತ್ರಿಯಾದ ಮೇಲೇ ಕೈ ಎತ್ತಿ ಅವರನ್ನು ಕರೆಯುತ್ತೇನೆ.