ಬಳೆಗಾರ್ತಿ ಬಳೆ ಇಡದೆ ಎದ್ದ ದಿನ

ರೋಣದ ಬಳೆಗಾರ್ತಿ ಬದರುನ್ನಿಸಾಗೆ ಒಂದು ಸೊಕ್ಕು: ಒಮ್ಮೆ ಹಿಡಿದ ಕೈಯ ಅಳತೆಯನ್ನು ತಾನು ಸಾಯುವತನಕ ಮರೆಯುವುದಿಲ್ಲ ಎಂದು. ಸೊಕ್ಕು ಸುಳ್ಳಲ್ಲ. ಸುತ್ತಿನ ಹಳ್ಳಿಗಳ ಹೆಣ್ಣುಮಕ್ಕಳ ಮುಖ ಮರೆತಾಳು, ಕೈ ಮರೆಯಳು. ಹಳೆಯ ಬಳೆ ತಂದು ಅಳತೆ ತೋರಿಸಲು ಹೋದವರಿಗೆ ಆಕೆ ಬೈದದ್ದನ್ನು ನಾನೇ ಕಂಡಿದ್ದೇನೆ.

ಹೋದ ವರ್ಷ ಸವಡಿಯ ಕಲ್ಲವ್ವನ ಮನೆಗೆ ಮದುವೆಯ ಬಳೆ ಇಡಲು ಹೋದಳು. ಮದುಮಗಳು ಕಲ್ಲವ್ವನ ಮಗಳು ನಿರ್ಮಲಾ, ಇಪ್ಪತ್ತು ವರ್ಷದವಳು. ತಿಂಗಳ ಹಿಂದೆ ನಿಶ್ಚಯದ ದಿನ ಇವಳ ಕೈಗೆ ಹಿಂಡಿ ಹಿಂಡಿ ಏರಿಸಿದ್ದ ಅಳತೆಯ ಬಳೆ ಈಗ ಮೊಣಕೈತನಕ ಜಾರಿತು.

“ಲಗ್ನದ ಹುಡುಗಿ, ಸಣ್ಣ ಆಗ್ಯಾಳ,” ಕಲ್ಲವ್ವನಿಗೆ ಹಿಗ್ಗು. “ತಂಬಿಗಿಗಟ್ಟಲೆ ನೀರ ಕುಡಿತಾಳ. ಸುಸ್ತು ಅಂತಾಳಂತ ದಿನಾ ಗ್ಲೂಕೋಸ್ ಕಲಸಿ ಕೊಡತೀನಿ.”

ಬದರುನ್ನಿಸಾ ಹುಡುಗಿಯ ಮುಖದ ಹತ್ತಿರ ಬಗ್ಗಿದಳು. ಉಸಿರು ಓಡಿ ಬಂದವರ ಹಾಗೆ ಏರಿಳಿಯುತ್ತಿತ್ತು. ಅದರಲ್ಲಿ ತೀರಾ ಕಳಿತ ಹಣ್ಣಿನ ವಾಸನೆ. ಬಳೆ ತೆಗೆದು ಪೆಟ್ಟಿಗೆ ಮುಚ್ಚಿದಳು.

“ನಾ ಇವತ್ತ ಬಳಿ ಇಡಂಗಿಲ್ಲ. ಮೊದಲ ದವಾಖಾನಿಗೆ ನಡೀರಿ.”

ಮದುವೆ ಮನೆಯಲ್ಲಿ ಬಳೆಗಾರ್ತಿ ಬಳೆ ಇಡದೆ ಎದ್ದರೆ ಅದಕ್ಕಿಂತ ದೊಡ್ಡ ಅಪಶಕುನ ಬೇಕೇ? ಕಲ್ಲವ್ವ ಕೆಂಡವಾದಳು. “ಅಕ್ಕಾ, ಇಂಥಾ ಹೊತ್ತಿನಾಗ ಹಿಂಗ ಮಾತಾಡ್ತಿ? ಗಂಡಿನವರ ಕಿವಿಗೆ ಬಿದ್ದರ ಲಗ್ನ ಮುರಿತೈತಿ.”

“ಲಗ್ನ ಮುರಿದರ ಇನ್ನೊಂದ ಆಕ್ಕೈತಿ, ಕಲ್ಲವ್ವಾ. ನನ್ನ ಮಗಳು ಗುಲ್ಷನಗ ಆಗ ಹನ್ನೊಂದ ವರ್ಷ. ಆಕಿ ಬಾಯಾಗೂ ಇದ ವಾಸನಿ ಇತ್ತು. ಹಣ್ಣ ತಿಂದಾಳಂತ ಸುಮ್ಮನಾದೆ. ಎರಡ ದಿನಕ್ಕ ಹೋದಳು. ಆಮ್ಯಾಲ ಡಾಕ್ಟರ್ ಅದು ಸಕ್ರಿ ಬ್ಯಾನಿ ಅಂತ ತಿಳಿಸಿ ಹೇಳಿದರು. ಇನ್ಸುಲಿನ್ ಇಲ್ಲಂದರ ಸಕ್ರಿ ರಕ್ತದಾಗ ತುಂಬಿ ತುಳುಕತೈತಿ, ಆದರ ಮೈಗೆ ಹತ್ತಂಗಿಲ್ಲ. ಮೈ ಹಸದು ತನ್ನ ಕೊಬ್ಬ ತಾನ ಸುಡತೈತಿ. ಅದರಿಂದ ಕೀಟೋನ್ ಅನ್ನೋ ಹುಳಿ ಹುಟ್ಟಿ ರಕ್ತ ಕೆಡಸತೈತಿ. ನೀ ಕೊಡೋ ಗ್ಲೂಕೋಸ್ ಉರಿಯೋ ಬೆಂಕಿಗೆ ತುಪ್ಪ.”

ಕಲ್ಲವ್ವ ಚಪ್ಪಲಿ ಮೆಟ್ಟಿದಳು.

ಟಂಟಂ ಆಟೋ ಹಿಡಿದು ರೋಣದ ದವಾಖಾನೆ ಮುಟ್ಟುವಷ್ಟರಲ್ಲಿ ನಿರ್ಮಲಾಗೆ ಅರ್ಧ ಎಚ್ಚರ ತಪ್ಪಿತ್ತು. ಸಕ್ಕರೆ ನೋಡುವ ಯಂತ್ರ ಅಂಕಿಯನ್ನೇ ತೋರಿಸಲಿಲ್ಲ; ಅದರ ಲೆಕ್ಕಕ್ಕೂ ಮೀರಿತ್ತು. ಮೂತ್ರದಲ್ಲಿ ಕೀಟೋನ್ ಸಿಕ್ಕಿತು. ಸಲೈನ್ ಜೊತೆ ಇನ್ಸುಲಿನ್ ಏರಿಸಿದರು. ನಾಳೆ ಬಂದಿದ್ದರೆ ತಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಎಂದರು ಡಾಕ್ಟರು.

ನಾಲ್ಕನೆಯ ದಿನ ನರ್ಸು ಇನ್ಸುಲಿನ್ ಸೂಜಿ ಹಾಕುವುದನ್ನು ಕಲಿಸಿದರು. ಇನ್ನು ಜೀವನಪೂರ್ತಿ ಅದು ಬೇಕು. ಕಲ್ಲವ್ವ ಸೂಜಿಯನ್ನು ಮಗಳ ಹೊಟ್ಟೆಯ ಹತ್ತಿರ ಒಯ್ದು ಹಿಂದಕ್ಕೆ ಎಳೆದುಕೊಂಡಳು. ಬದರುನ್ನಿಸಾ ಸೂಜಿ ಇಸಿದುಕೊಳ್ಳಲು ಮುಂದೆ ಬಂದಳು.

“ಬ್ಯಾಡ ಚಾಚಿ,” ನಿರ್ಮಲಾ ಎದ್ದು ಕೂತಳು. “ಹೊಟ್ಟಿ ನಂದು. ನಾನ ಚುಚ್ಚಕೋತೀನಿ.”

ಚುಚ್ಚಿಕೊಂಡಳು. “ಇಷ್ಟ ಏನು?” ಎಂದು ನಕ್ಕಳು.

ಊರಿಗೆಲ್ಲ ಬಾಯಿ ಮಾಡುವ ಬದರುನ್ನಿಸಾ ಗೋಡೆಯ ಕಡೆ ತಿರುಗಿ ನಿಂತು ಗಳಗಳನೆ ಅತ್ತಳು.